ಹೊಂಡಕ್ಕೆ ಇಳಿ ಎಂದದ್ದು ನಾನು

ಮಾನ್ಯ ಮುಖ್ಯ ತನಿಖಾಧಿಕಾರಿಗಳೇ,

ನಿಮ್ಮ ಕಾರ್ಮಿಕ ಸುರಕ್ಷತಾ ಕಚೇರಿ ನನ್ನನ್ನು ನಿರಪರಾಧಿ ಎಂದು ತೀರ್ಮಾನಿಸಿದೆ. ಅದರ ವಿರುದ್ಧ ದೂರು ಕೊಡುವುದಕ್ಕೇ ಈ ಪತ್ರ. ಇಂಥ ದೂರನ್ನು ತೆಗೆದುಕೊಳ್ಳುವ ಕಿಟಕಿ ನಿಮ್ಮಲ್ಲಿ ಇದೆಯೇ ಎಂದು ಖುದ್ದಾಗಿ ಬಂದು ವಿಚಾರಿಸಿದೆ. “ನಿಮ್ಮ ಮೇಲೆ ಏನೂ ಇಲ್ವಲ್ಲಮ್ಮ, ಮತ್ತ್ಯಾಕೆ ಬಂದ್ರಿ? ಸುಮ್ನೆ ಮನೆಗೆ ಹೋಗಿ” ಎಂದರು ಅಲ್ಲಿದ್ದ ಹೆಂಗಸು. ಮತ್ತೊಮ್ಮೆ ಹೋದಾಗ ನನ್ನ ಮುಖ ಕಂಡದ್ದೇ ಕಿಟಕಿ ಎಳೆದುಕೊಂಡರು. ಆದ್ದರಿಂದ ಊರಿನವರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಎಳೆದುಕೊಳ್ಳಲು ಕಿಟಕಿ ಇಲ್ಲ.

ನನ್ನ ಕಸುಬು ಅಗೆತ. ಒಂದು ಸಣ್ಣ ಅಗೆಯುವ ಯಂತ್ರ ಇದೆ, ಅದನ್ನು ಹೊತ್ತೊಯ್ಯಲು ಒಂದು ಹಳೆಯ ಲಾರಿ ಇದೆ. ಮಾರಿತ್ಸಾ ನದಿಯ ಬಯಲಿನ ಕಾರ್ಖಾನೆಗಳಲ್ಲಿ, ಗೋದಾಮುಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ಕಾಂಕ್ರೀಟ್ ಸುರಿಯುವುದಕ್ಕೆ ಮುಂಚೆ ಆಗಬೇಕಾದ ಹೊಂಡಗಳನ್ನು ತೋಡಿಕೊಡುತ್ತೇನೆ. ಯಂತ್ರ ಕೂರಿಸುವ ಪಾಯ, ಗೇಟಿನ ಕಂಬ, ಎಣ್ಣೆ ಟ್ಯಾಂಕಿನ ಅಡಿಪಾಯ, ಇಂಥವು. ದೊಡ್ಡ ಸೇತುವೆಗೆ ಅಗೆಯುವವರಿಗೆ ನಿಮ್ಮ ಕಚೇರಿಯಲ್ಲಿ ಒಂದು ಬೀರು ತುಂಬ ನಿಯಮಗಳಿವೆ. ಅವರ ಹೊಂಡದ ಅಂಚಿನಲ್ಲಿ ನಿಮ್ಮವರು ಹಳದಿ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮದು ಸಣ್ಣ ಕೆಲಸ. ಬೆಳಗ್ಗೆ ತೋಡಿ, ಮಧ್ಯಾಹ್ನ ಕಾಂಕ್ರೀಟ್ ತುಂಬಿ, ಸಂಜೆಗೆ ಮನೆ ಸೇರುವಂಥದ್ದು. ಅಲ್ಲಿಗೆ ಯಾರೂ ಬರುವುದಿಲ್ಲ. ಯಾರೂ ಬರದಿದ್ದುದು ನನಗೂ ಅನುಕೂಲವಾಗಿಯೇ ಇತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಕುಸಿಯುವ ಮಣ್ಣು, ಇದು ಸಣ್ಣ ಕೆಲಸ ಎಂದು ನೋಡಿ, ಮೆತ್ತಗೆ ಬೀಳುತ್ತದೆಯೇ, ಮಾನ್ಯರೇ?

ಕಳೆದ ಸೆಪ್ಟೆಂಬರಿನಲ್ಲಿ ತರಕಾರಿ ಡಬ್ಬಿ ತುಂಬುವ ಕಾರ್ಖಾನೆಯೊಂದರ ಹಿಂದಿನ ಅಂಗಳದಲ್ಲಿ ಹೊಸ ಯಂತ್ರಕ್ಕೆ ಪಾಯ ತೋಡುತ್ತಿದ್ದೆ. ಒಂದು ಕಡೆ ಬಾಯ್ಲರ್ ಕೋಣೆಯ ಹಳೆಯ ಗೋಡೆ, ಇನ್ನೊಂದು ಕಡೆ ಕೆಂಪು ಮೆಣಸಿನಕಾಯಿ ಹೇರಿಕೊಂಡು ಸಾಲಾಗಿ ಬರುವ ಟ್ರ್ಯಾಕ್ಟರುಗಳ ದಾರಿ. ತೋಡಿದ ಮಣ್ಣನ್ನು ದೂರ ಹಾಕಲು ಜಾಗವಿರಲಿಲ್ಲ. ಅಥವಾ ಜಾಗ ಕೇಳಿ ಜಗಳವಾಡುವ ಮನಸ್ಸು ನನಗಿರಲಿಲ್ಲ. ಹೊಂಡದ ಅಂಚಿನಲ್ಲೇ ಗುಡ್ಡೆ ಹಾಕುತ್ತ ಹೋದೆ. ಹೊಂಡ ಆಳು ಮುಳುಗುವಷ್ಟು ಆಳವಾದಾಗ ಗುಡ್ಡೆಯೂ ಅಷ್ಟೇ ಎತ್ತರವಾಗಿತ್ತು. ಒಂದು ಬದಿಯಲ್ಲಿ ನೀರು ಜಿನುಗುತ್ತಿತ್ತು. ಗುಡ್ಡೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಕಂಡಿತು ಎಂದು ಬರೆಯುತ್ತಿದ್ದೇನೆ, ಮಾನ್ಯರೇ. ನಿಮ್ಮ ವರದಿಯಲ್ಲಿ ಈ ವಾಕ್ಯ ಇಲ್ಲ.

ಕಾರ್ಖಾನೆಯ ಮೇಲ್ವಿಚಾರಕ ಪ್ಲಾಮೆನನಿಗೆ ಹೇಳಿದೆ. “ಹಲಗೆ ಬೇಕು. ಹೊಂಡದ ಬದಿಗೆ ಆನಿಸದೆ ಒಳಗೆ ಜನ ಇಳಿಸೋದು ಸರಿಯಲ್ಲ.”

“ಹಲಗೆಗೆ ಎಲ್ಲಿಗೆ ಹೋಗ್ಲಿ ಈಗ? ಕಾಂಕ್ರೀಟ್ ಲಾರಿ ಹೊರಟಾಗಿದೆ” ಎಂದ. “ತಳ ಒಂಚೂರು ಸಮ ಮಾಡಿಸಿಬಿಡು, ಆಯ್ತು. ನೀನೇನು ಹೊಸಬಳಾ?”

ಹೊಸಬಳಲ್ಲ ಎಂಬ ಮಾತು ನನಗೆ ಹಿತವಾಯಿತು. ಅಷ್ಟಕ್ಕೇ ಸುಮ್ಮನಾದೆ.

ತಳವನ್ನು ಯಂತ್ರದಿಂದ ಸಮ ಮಾಡಲು ಬರುವುದಿಲ್ಲ. ಒಬ್ಬರು ಸಲಿಕೆ ಹಿಡಿದು ಇಳಿದು ಸಡಿಲ ಮಣ್ಣನ್ನು ಬಳಿದು ತೆಗೆಯಲೇಬೇಕು. ಆ ಒಬ್ಬರು ಸ್ಪಾಸಣ್ಣ. ನಮ್ಮ ಕಡೆಯ ಎಲ್ಲ ಪಾಯಗಳಿಗೂ ಇಳಿದವನು, ದಪ್ಪ ಮೀಸೆಯವನು, ಬಾಯಿ ತೆರೆದರೆ ತಮಾಷೆ. ಅಂಚಿನಲ್ಲಿ ಕೂತು ಟೊಮೇಟೊ ಕಚ್ಚುತ್ತಿದ್ದ.

“ಇಳಿಯಣ್ಣ, ಬೇಗ ಮುಗಿಸಿಬಿಡು” ಎಂದೆ.

“ಹೂಂ, ಇಳಿದೆ. ಮೇಲೆ ಬರುವಾಗ ಏಣಿ ಕೊಡ್ತೀಯೋ, ನಿನ್ನ ಯಂತ್ರದ ಬಕೆಟ್‌ನಲ್ಲಿ ಎತ್ಕೊತೀಯೋ?” ಎಂದು ನಗುತ್ತ ಇಳಿದ.

ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಗುಡ್ಡೆ ಅಂಚಿನ ಸಮೇತ ಒಳಕ್ಕೆ ಜಾರಿತು. ಗೋಣಿ ಚೀಲ ಬಿದ್ದಂತೆ ಒಂದು ಸದ್ದು, ಅಷ್ಟೇ. ಸ್ಪಾಸಣ್ಣ ಎದೆಯವರೆಗೆ ಮಣ್ಣಿನಲ್ಲಿದ್ದ. ಬಕೆಟ್ ಹಾಕುವಂತಿಲ್ಲ, ಹಾಕಿದರೆ ಅವನ ಮೂಳೆಗೇ ತಗಲುತ್ತದೆ. ನಾನು ಹಾರಿ ಕೈಯಲ್ಲೇ ಬಗೆಯತೊಡಗಿದೆ. ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸರು ಏಪ್ರನ್ನಿನಲ್ಲೇ ಓಡಿಬಂದರು; ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಮಣ್ಣು ಮೊಗೆದು ಮೊಗೆದು ಎಸೆದರು. ಕಾಂಕ್ರೀಟ್ ಲಾರಿ ಬಂದು ನಿಂತ ಸದ್ದು ಕೇಳಿ ಸ್ಪಾಸಣ್ಣ ನನಗೆ, “ಏ ವೆನೆತಾ, ಅವನಿಗೆ ಹೇಳೇ, ಈಗ್ಲೇ ಸುರೀಬೇಡ ಅಂತ” ಎಂದ. ಹೆಂಗಸರು ಅಳುತ್ತಲೇ ನಕ್ಕರು. ಆಮೇಲೆ ಅವನಿಗೆ ಪ್ರಜ್ಞೆ ತಪ್ಪಿತು. ಮೇಲೆತ್ತಿದಾಗ ಸೊಂಟದ ಮೂಳೆ ಮುರಿದಿತ್ತು. ಬಲಗಾಲು ತನ್ನದಲ್ಲವೆಂಬಂತೆ ನೇತಾಡುತ್ತಿತ್ತು.

ಮಾರನೆಯ ದಿನ ಅದೇ ಹೊಂಡವನ್ನು ನಾನೇ ಮತ್ತೆ ತೋಡಿದೆ. ಅಂದು ಹಲಗೆ ಸಿಕ್ಕಿತು. ಮಣ್ಣು ಹಾಕಲು ದೂರದಲ್ಲಿ ಜಾಗ ಸಿಕ್ಕಿತು. ಟ್ರ್ಯಾಕ್ಟರುಗಳಿಗೆ ಬೇರೆ ದಾರಿಯೂ ಸಿಕ್ಕಿತು. ಎಲ್ಲವೂ ಅದೇ ಅಂಗಳದಲ್ಲೇ ಇದ್ದವು. ಸಂಜೆಯೊಳಗೆ ಕಾಂಕ್ರೀಟ್ ತುಂಬಿದೆವು.

ಅದು ಗಟ್ಟಿಯಾದ ಮೇಲೆ ನಿಮ್ಮ ಅಧಿಕಾರಿ ಬಂದರು. ಅಂಗಳದ ಮಧ್ಯೆ ನಿಂತು, “ಹೊಂಡ ಎಲ್ಲಿ?” ಎಂದರು.

“ನೀವು ನಿಂತಿರೋದೇ, ಸಾರ್” ಎಂದ ಪ್ಲಾಮೆನ್.

ಅವರು ಗಾಬರಿಯಿಂದ ಪಕ್ಕಕ್ಕೆ ಸರಿದು ಬೂಟು ಎತ್ತಿ ನೋಡಿಕೊಂಡರು. ತೋಡಿದ ಹೊಂಡವನ್ನು ನೋಡಲು ನಿಮ್ಮ ಇಲಾಖೆಗೆ ಪುರಸೊತ್ತಿಲ್ಲ, ತುಂಬಿದ ಹೊಂಡದ ಮೇಲೆ ನಿಂತು ತನಿಖೆ ಮಾಡುವ ವಿದ್ಯೆ ಮಾತ್ರ ಇದೆ ಎಂದು ಅಂದುಕೊಂಡೆ. ಆದರೆ ಹಾಗೆ ಅಂದುಕೊಳ್ಳುವ ಯೋಗ್ಯತೆ ನನಗೆಲ್ಲಿತ್ತು? ಅದನ್ನು ತುಂಬಿದವಳು ನಾನೇ ತಾನೆ?

ನಿಮ್ಮ ಅಧಿಕಾರಿಯ ಬಗ್ಗೆ ಅನ್ಯಾಯವಾಗಿ ಬರೆಯಲಾರೆ. ಲಂಚ ಕೇಳಲಿಲ್ಲ, ಗದರಿಸಲಿಲ್ಲ. ಅವರ ದಯೆಯೇ ನನಗೆ ಮುಳುವಾಯಿತು. “ಇಳಿ ಅಂತ ಹೇಳಿದ್ದು ನಾನು” ಎಂದಾಗ ಅವರು ಪೆನ್ನು ಕೆಳಗಿಟ್ಟರು.

“ಹಾಗೆ ಬರೆದ್ರೆ ನಿಮ್ಮ ಪರವಾನಗಿ ಹೋಗುತ್ತೆ, ಮೇಡಂ. ಇಲ್ಲಿ ಸೀಸನ್ ಟೈಮು, ಕಾರ್ಖಾನೆಗೆ ಬೀಗ ಹಾಕ್ಬೇಕಾಗುತ್ತೆ, ಅಷ್ಟೂ ಹೆಂಗಸರು ಮನೇಲಿ ಕೂರ್ಬೇಕು. ಆ ಮನುಷ್ಯ ಹೇಗೂ ಬದುಕಿದ್ದಾನೆ. ಅವನೇ ಇಳಿದ ಅಂತ ಬರೆದ್ರೆ ಯಾರಿಗೇನು ನಷ್ಟ?”

ಯಾರಿಗೇನು ನಷ್ಟ ಎಂದು ನಾನೂ ಕೇಳಿಕೊಂಡೆ. ನನಗೆ ಬೇಕಾದ ಉತ್ತರ ಸಿಕ್ಕಿತು. ಅವರು ಬರೆದದ್ದಕ್ಕೆ ಸಹಿ ಹಾಕಿದೆ. “ಕಾರ್ಮಿಕನು ಯಾರ ಸೂಚನೆಯೂ ಇಲ್ಲದೆ, ಸ್ವಂತ ಅಜಾಗರೂಕತೆಯಿಂದ ಹೊಂಡಕ್ಕೆ ಇಳಿದಿರುತ್ತಾನೆ. ಯಂತ್ರ ನಡೆಸುವವರ ಲೋಪ ಕಂಡುಬಂದಿರುವುದಿಲ್ಲ.” ಎಂಥ ಸೊಗಸಾದ ಭಾಷೆ, ಮಾನ್ಯರೇ! ಕಂಡುಬಂದಿರುವುದಿಲ್ಲ. ನೋಡಿದ್ದರಲ್ಲವೇ ಕಂಡುಬರುವುದು?

ಚಳಿಗಾಲ ಕಳೆದ ಮೇಲೆ ಧೈರ್ಯ ಮಾಡಿ ಸ್ಪಾಸಣ್ಣನ ಮನೆಗೆ ಹೋದೆ. ಅವನು ಊರುಗೋಲು ಹಿಡಿದು ಬಾಗಿಲವರೆಗೆ ಬಂದ. ಅವನ ಹೆಂಡತಿ ಗಿನ್ಕಾ ಬಿಸಿ ಬಿಸಿ ಚೀಸ್ ರೊಟ್ಟಿ ತಂದಿಟ್ಟಳು. ನಾನು ತಿನ್ನುತ್ತಿದ್ದಾಗ ಸ್ಪಾಸಣ್ಣ ತಲೆ ತಗ್ಗಿಸಿ ಹೇಳಿದ: “ನಿನ್ನ ಕೆಲ್ಸ ಹಾಳು ಮಾಡ್ಬಿಟ್ಟೆ, ವೆನೆತಾ. ಬೇಜಾರು ಮಾಡ್ಕೋಬೇಡ. ಆ ಬೆಳಗ್ಗೆದು ನಂಗೆ ಒಂದೂ ನೆನಪಿಲ್ಲ. ಹೇಳ್ದೆ ಕೇಳ್ದೆ ಇಳಿದ್ನಂತೆ. ಸರ್ಕಾರದವ್ರೇ ಬರೆದಿದ್ದಾರಲ್ಲ.”

“ಈ ವಯಸ್ಸಲ್ಲಿ ಬುದ್ಧಿ ಬೇಡ್ವಾ?” ಎಂದಳು ಗಿನ್ಕಾ. “ನಮ್ಮನೆ ಆಡಿಗೂ ಗೊತ್ತಾಗುತ್ತೆ ಎಲ್ಲಿ ಕಾಲಿಡ್ಬಾರ್ದು ಅಂತ. ದಿನಾ ಬೈತೀನಿ. ಬೈದು ಬೈದು ನಂಗೇ ಸಾಕಾಯ್ತು.”

ಸ್ಪಾಸಣ್ಣ ತಮಾಷೆ ಮಾಡಲಿಲ್ಲ. ಅವನ ತಮಾಷೆಯೂ ಆ ಹೊಂಡದಲ್ಲೇ ಉಳಿದುಬಿಟ್ಟಿದೆ. ನಿಮ್ಮ ಒಂದು ಸಾಲು ಅವನ ನೆನಪಿನ ಖಾಲಿ ಜಾಗಕ್ಕೆ ಹೋಗಿ ಕೂತಿದೆ; ತನ್ನ ಕಾಲನ್ನು ತಾನೇ ಮುರಿದುಕೊಂಡ ಮೂರ್ಖ ಎಂದು ಅವನು ನಂಬಿದ್ದಾನೆ. ಯಾರಿಗೇನು ನಷ್ಟ ಎಂಬುದಕ್ಕೆ ಉತ್ತರ ನನ್ನೆದುರು ಕೂತಿತ್ತು. ನಾನು ಕೈಯಲ್ಲಿದ್ದ ತುಂಡನ್ನು ತಟ್ಟೆಗಿಟ್ಟು ಎಲ್ಲವನ್ನೂ ಹೇಳಿದೆ: ಬಿರುಕು, ಹಲಗೆ, ಗುಡ್ಡೆ, ನನ್ನ ಬಾಯಿಂದ ಬಂದ ಮಾತು, ಸಹಿ.

ಗಿನ್ಕಾ ಎದ್ದು ನನ್ನ ಮುಂದಿದ್ದ ತಟ್ಟೆಯನ್ನು ತೆಗೆದುಕೊಂಡು ಒಳಗೆ ಹೋದಳು. ಒಳಗಿನಿಂದ ಅವಳು ಅಳುವುದು ಕೇಳಿಸಿತು. ನನ್ನ ಮೇಲಿನ ಸಿಟ್ಟಿಗೋ, ದಿನವೂ ಬೈದದ್ದು ನೆನಪಾಗಿಯೋ, ಕೇಳುವ ಹಕ್ಕು ನನಗಿರಲಿಲ್ಲ.

ಸ್ಪಾಸಣ್ಣ ಊರುಗೋಲನ್ನು ಗೋಡೆಗೆ ಒರಗಿಸಿದ. ಆಮೇಲೆ ಕೇಳಿದ: “ಇಳಿ ಅಂದಾಗ ನಾನೇನಂದೆ?”

“ಹೂಂ ಅಂದೆ, ಅಣ್ಣ. ನಕ್ಕೊಂಡು ಇಳಿದೆ.”

“ಕೆಳಗೆ ನೋಡಿದ್ನಾ, ಇಳಿಯೋ ಮುಂಚೆ?”

“ಇಲ್ಲ. ನೀನು ನನ್ನ ಕಡೆ ನೋಡಿದೆ.”

“ಹಂಗಾದ್ರೆ ನಂದು ತಪ್ಪು ಇಷ್ಟೇ, ನಿನ್ನ ಮಾತು ನಂಬಿದ್ದು” ಎಂದ. “ಅಷ್ಟು ಮಾತ್ರ ನನ್ನ ಹೆಸರಲ್ಲಿ ಬರೆಸು. ಮಿಕ್ಕಿದ್ದು ತೆಗೆಸು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮಾನ್ಯರೇ, ನನ್ನ ಬೇಡಿಕೆ ಇದು. ಆ ಪ್ರಕರಣವನ್ನು ಮತ್ತೆ ತೆರೆಯಿರಿ. ಸ್ಪಾಸಣ್ಣನ ಹೆಸರಿನ ಮುಂದಿರುವ ಅಜಾಗರೂಕತೆ ಎಂಬ ಪದವನ್ನು ಹೊಡೆದುಹಾಕಿ ನನ್ನ ಹೆಸರಿನ ಮುಂದೆ ಬರೆಯಿರಿ. ಹಲಗೆ ಕೊಡದ ಕಾರ್ಖಾನೆಯನ್ನೂ ಬರೆಯಿರಿ. ನಿಮ್ಮಲ್ಲಿ ಪ್ರಾಮಾಣಿಕತೆ ಇನ್ನೂ ಸ್ವಲ್ಪ ಉಳಿದಿದ್ದರೆ ನಿಮ್ಮ ಕಚೇರಿಯನ್ನೂ ಸೇರಿಸಿ. ನನ್ನ ಪರವಾನಗಿಯನ್ನು ಈ ಪತ್ರದ ಒಂದು ಪ್ರತಿಯ ಜೊತೆಗೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಯಂತ್ರ ನನ್ನ ಮನೆಯ ಅಂಗಳದಲ್ಲಿ ನಿಂತಿದೆ. ತಿದ್ದಿದ ವರದಿಯನ್ನು ಅಂಚೆಯಲ್ಲಿ ಹಾಕಬೇಡಿ. ನಿಮ್ಮ ಅಧಿಕಾರಿಯೇ ಸ್ಪಾಸಣ್ಣನ ಮನೆಗೆ ಹೋಗಿ, ಗಿನ್ಕಾಳ ಎದುರಿಗೆ, ಅವನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ನಾನು ಜೊತೆಗೆ ಬರುತ್ತೇನೆ. ಆ ಗಂಡ ಹೆಂಡತಿ ನನ್ನನ್ನು ಒಳಗೆ ಕರೆಯದಿದ್ದರೆ ಬಾಗಿಲ ಹೊರಗೆ ನಿಂತಿರುತ್ತೇನೆ.

ಇಂತಿ,
ನೀವು ತಪ್ಪಿಲ್ಲವೆಂದು ಬಿಟ್ಟುಬಿಟ್ಟವಳು,
ವೆನೆತಾ ಕರಾಸ್ತೊಯನೊವಾ