ಬಿಗಿಯಾದ ಕೇಬಲ್

ಮಾರ್ಚ್ ೧೨, ಬುಧವಾರ

ಅಣ್ಣನ ಗ್ಯಾರೇಜಿನಲ್ಲಿ ಮೂರು ದಿನದಿಂದ ತಲೆ ತಿನ್ನುತ್ತಿದ್ದ ಆ ಹಳೇ ಮೋಟಾರ್ ಸೈಕಲ್ ಇವತ್ತು ಸ್ಟಾರ್ಟ್ ಆಯಿತು. ಕಿಕ್ ಹೊಡೆದರೆ ಕಾಲು ಸುಮ್ಮನೆ ಕೆಳಗೆ ಜಾರುತ್ತಿತ್ತು, ಇಂಜಿನ್ ತಿರುಗುತ್ತಿರಲಿಲ್ಲ. ಅಣ್ಣ ಕಿಕ್ಕಿನ ಗೇರಿನ ಹಲ್ಲುಗಳನ್ನು ಎರಡು ಸಲ ಬಿಚ್ಚಿ ನೋಡಿ ಕೈಚೆಲ್ಲಿದ್ದ. ನಾನು ಕ್ಲಚ್ ಹಿಡಿಕೆ ಮುಟ್ಟಿ ನೋಡಿದೆ. ಇರಬೇಕಾದ ಸಡಿಲ ಚೂರೂ ಇರಲಿಲ್ಲ.

"ಅಣ್ಣಾ, ಕೇಬಲ್ ಬಿಗಿಯಾಗಿ ಕ್ಲಚ್ ಪ್ಲೇಟುಗಳು ಒಂದನ್ನೊಂದು ಕಚ್ತಾನೇ ಇಲ್ಲ. ಕಿಕ್ ಇಂಜಿನ್ ತಿರುಗಿಸೋದು ಅದರ ಮೂಲಕ ತಾನೇ?"

ಅವನು ಸ್ಪ್ಯಾನರ್ ಕೊಟ್ಟ. ಕೇಬಲ್ ಸಡಿಲಿಸಿ ಕಿಕ್ ಹೊಡೆದೆ. ಒಂದೇ ಒದೆತಕ್ಕೆ ಇಂಜಿನ್ ಗುಡುಗಿತು.

ಸಂಜೆ ಗಾಡಿಯ ಮಾಲೀಕರು ಬಂದು ಏನಾಗಿತ್ತೆಂದು ಕೇಳಿದರು. ಅಣ್ಣ ಗ್ಯಾರೇಜಿನಲ್ಲಿದ್ದ ಎಲ್ಲರೆದುರೇ ಹೇಳಿದ: "ಹೋದ ವಾರ ಸರ್ವೀಸಿಗೆ ಬಂದಾಗ ಕೇಬಲ್ ಬಿಗಿ ಮಾಡಿದ್ದು ನಾನೇ. ಕಂಡುಹಿಡಿದಿದ್ದು ನನ್ನ ತಂಗಿ."

ಕೈಯಲ್ಲಿ ಆಯಿಲ್ ವಾಸನೆ ಇನ್ನೂ ಇದೆ. ಅಮ್ಮ ಬೈದರೂ ಇವತ್ತು ತೊಳೆಯುವುದಿಲ್ಲ.