ಬೆನ್ನಿಗೆ ತಿಳಿಯದ ಅಲೆ

ಅಪ್ಪಾ,

ಇವತ್ತು ಐಲುಕ್ ದ್ವೀಪದಿಂದ ದೀವಿಹಲಸು ತುಂಬಿಕೊಂಡು ಬರುವಾಗ, ಅಲೆಗಳನ್ನು ಬೆನ್ನಿನಿಂದಲೇ ಅರಿಯಲು ನಿನ್ನ ಹಾಗೆಯೇ ದೋಣಿಯ ತಳಕ್ಕೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದೆ. "ಅಪ್ಪನ ಥರಾ ಗೊರಕೆ ಹೊಡೀಬೇಡ ಕಣೇ," ಎಂದು ತಮ್ಮ ಆಲ್ಸನ್ ಛೇಡಿಸಿದ. ನೀನು ಹಾಗೆ ಮಲಗಿದ್ದವನು ಇದ್ದಕ್ಕಿದ್ದಂತೆ, "ಗಟ್ಟಿಯಾಗಿ ಹಿಡ್ಕೊಳ್ರೋ, ದೊಡ್ಡ ಅಲೆ ಬರ್ತಿದೆ," ಅನ್ನುತ್ತಿದ್ದೆ. ಅದು ಬಂದೇ ಬರುತ್ತಿತ್ತು.

ನನ್ನ ಬೆನ್ನಿಗೆ ಕಡಲು ತೊಟ್ಟಿಲಿನಂತಿತ್ತು. ಅಷ್ಟರಲ್ಲೇ ಹಾಯಿಯೆತ್ತರದ ಅಲೆಯೊಂದು ಪಕ್ಕದಿಂದೆದ್ದು ದೋಣಿಯನ್ನು ಮಗುಚಿತು. ಹಣ್ಣೆಲ್ಲ ಕಡಲ ಪಾಲಾಯಿತು, ನಾವಿಬ್ಬರೂ ದೋಣಿ ತಬ್ಬಿ ಉಳಿದೆವು.

"ಗೊತ್ತಾಗ್ಲಿಲ್ವೇನೇ?"

"ಇಲ್ಲ ಕಣೋ, ಒಂಚೂರೂ."

ನೀನು ಕಡಲಿಂದ ಮರಳದ ದಿನದಿಂದ, ಅಲೆ ಬರುವುದು ಗೊತ್ತಿದ್ದೂ ಹೋದೆ ಎಂದೇ ನಾನು ನಿನ್ನ ಮೇಲೆ ಮುನಿಸಿಕೊಂಡಿದ್ದೆ.

ಮೂಲೆಗೆ ತಳ್ಳಿದ್ದ ನಿನ್ನ ಚಾಪೆಯನ್ನು ಈಗ ಬಿಸಿಲಿಗೆ ಹಾಸಿದ್ದೇನೆ.