ಟವಲ್ಲಿನಡಿಯ ವ್ಯಾಪಾರ

ಕುಂಬಾರಕೊಪ್ಪಲು, ಮೈಸೂರು
10 ನವೆಂಬರ್ 2024, ಭಾನುವಾರ

ಮಗಳೇ ವರ್ಷಿಣಿ,

ನಿನ್ನ ಗಂಟಲು ಹೇಗಿದೆ? ಆಗಸ್ಟಿನಲ್ಲಿ ಬಂದಿದ್ದಾಗ ಪಾಠ ಹೇಳಿ ಹೇಳಿ ದನಿ ಒಡೆದುಹೋಗಿತ್ತು. ಸುರಪುರದ ಬಿಸಿಲಿಗೆ ನೀರು ಹೆಚ್ಚು ಕುಡಿ. ಹಾಸ್ಟೆಲ್ ಊಟಕ್ಕೆ ಖಾರ ಜಾಸ್ತಿ ಎಂದಿದ್ದೆ, ಮೊಸರು ಬಿಡಬೇಡ. ಇದೆಲ್ಲ ಫೋನಿನಲ್ಲಿ ಕೇಳುವ ಮಾತು. ನೀನು ಫೋನು ತೆಗೆಯುವುದಿಲ್ಲ, ಅದಕ್ಕೆ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹೆಡ್‌ಮಾಸ್ಟರ ಟೇಬಲ್ಲಿನ ಮೇಲೆ ಕಾಗದ ಬಂದು ಬಿದ್ದರೆ ನಾಲ್ಕು ಜನ ನೋಡುತ್ತಾರೆ, ಆಗ ನೀನು ಒಡೆಯದೆ ಇರುವುದಿಲ್ಲ ಎಂದು ಲೆಕ್ಕ ಹಾಕಿದ್ದೇನೆ. ನಿನ್ನಪ್ಪನ ಲೆಕ್ಕಾಚಾರ ಇನ್ನೂ ಹೋಗಿಲ್ಲ ನೋಡು.

ನಾನು ಇದ್ದೇನೆ. ಮಂಡಿ ನೋವು ಬೆಳಗ್ಗೆ ಇರುತ್ತದೆ, ಹತ್ತು ಗಂಟೆಯ ಹೊತ್ತಿಗೆ ಅದೂ ನನ್ನ ಹಾಗೆ ಕೂತು ಬೇಸರವಾಗಿ ಎದ್ದು ಹೋಗುತ್ತದೆ. ಅಡುಗೆ ನಾನೇ ಮಾಡುತ್ತೇನೆ. ನಿನ್ನ ಅಮ್ಮನ ಸಾರಿನಪುಡಿ ಡಬ್ಬಿಯ ತಳದಲ್ಲಿ ನಾಲ್ಕು ಚಮಚ ಉಳಿದಿದೆ, ಅದನ್ನು ಮುಟ್ಟಿಲ್ಲ, ಅಂಗಡಿಯದೇ ತರುತ್ತೇನೆ. ದೀಪಾವಳಿಗೆ ಬಾಗಿಲಿಗೆ ಎರಡು ದೀಪ ಹಚ್ಚಿದೆ, ಅಷ್ಟೇ. ನೀನು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ನಿನ್ನಣ್ಣ ಆ ದಿನ ಶಿಫ್ಟ್ ಮುಗಿಸಿ ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿದ್ದನಂತೆ. ಪಕ್ಕದ ಮನೆಯ ಚಾಮುಂಡಮ್ಮ ನೋಡಿ ಬಂದು ಹೇಳಿದರು. ಅವನು ಹೇಳಲಿಲ್ಲ. ಅವನೀಗ ಏನನ್ನೂ ಹೇಳುವುದಿಲ್ಲ. ಹೆಬ್ಬಾಳದ ಕಾರ್ಖಾನೆಗೆ ಹೋಗುತ್ತಾನೆ, ಬರುತ್ತಾನೆ, ತಟ್ಟೆ ತೊಳೆದಿಟ್ಟು ಮಲಗುತ್ತಾನೆ. ಕಾರು ಗೇಟಿನ ಹತ್ತಿರ ಹೊದಿಕೆ ಹೊದ್ದು ನಿಂತಿದೆ. ಬ್ಯಾಟರಿ ಸಾಯಬಾರದೆಂದು ವಾರಕ್ಕೊಮ್ಮೆ ಹೊದಿಕೆ ತೆಗೆದು ಸ್ಟಾರ್ಟ್ ಮಾಡುತ್ತಾನೆ. ಐದು ನಿಮಿಷ ಸುಮ್ಮನೆ ಒಳಗೆ ಕೂತಿದ್ದು ಆಫ್ ಮಾಡಿ ಇಳಿಯುತ್ತಾನೆ.

ಆ ಕಾರು ಕೊಂಡ ಕಥೆಯನ್ನು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ನಿನಗೆ ಗೊತ್ತಿರುವುದು ಕೊನೆ ಮಾತ್ರ. ಕಥೆಯನ್ನು ಮೊದಲಿಂದ ಹೇಳಬೇಕು ಎಂದು ಕಲಿಸಿದವರು ನಿನ್ನ ತಾತ ನಂಜುಂಡಯ್ಯ. ದನದ ಸಂತೆಯಲ್ಲಿ ಅವರಂಥ ದಲ್ಲಾಳಿ ಕಪಿಲೆಯ ಈಚೆ ದಡದಲ್ಲಿ ಇರಲಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಟವಲ್ಲಿನಡಿ ಸೇರಿಸಿ, ಬೆರಳು ಹಿಡಿದೇ ಸಾವಿರಗಟ್ಟಲೆ ವ್ಯಾಪಾರ ಕುದುರಿಸುತ್ತಿದ್ದರು. ಬಾಯಿ ಮಳೆ ಬೆಳೆ ಮಾತಾಡುತ್ತಿತ್ತು, ಬೆರಳು ಬೆಲೆ ಮಾತಾಡುತ್ತಿತ್ತು. ಎಲ್ಲ ಬೆರಳಿಗೂ ಒಂದೊಂದು ಅರ್ಥ. ಕಿರುಬೆರಳು ಹಿಡಿದು ತಿರುಗಿಸಿದರೆ, ಒಪ್ಪಿಲ್ಲ, ಎದ್ದು ನಡಿ ಎಂದು. ನಿನಗೆ ನೆನಪಿದೆಯಲ್ಲ, ನೀವಿಬ್ಬರೂ ಚಿಕ್ಕವರಿದ್ದಾಗ ದೇವರಾಜ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಅದೇ ಆಟ ಆಡಿಸುತ್ತಿದ್ದರು. ಬಾಳೆಹಣ್ಣಿನವನ ಮುಂದೆ ನಿಮ್ಮ ಕಿರುಬೆರಳು ತಿರುಗಿಸಿದರೆ ಸಾಕು, ನೀನು ಆರು ವರ್ಷದವಳು, ನಿನ್ನಣ್ಣ ಗುರು ಒಂಬತ್ತು ವರ್ಷದವನು, ಇಬ್ಬರೂ ದೊಡ್ಡ ಶೆಟ್ಟರ ಹಾಗೆ ಬೆನ್ನು ತಿರುಗಿಸಿ ನಡೆದುಬಿಡುತ್ತಿದ್ದಿರಿ. ಹಣ್ಣಿನವನು ನಗುತ್ತ ಕೂಗಿ ಕರೆದು ಕೊಡುತ್ತಿದ್ದ. ತಾತನ ಮೊದಲ ಪಾಠ ಒಂದೇ: “ಹೊಟ್ಟೆ ಹಸ್ದಿರೋದು ಸಂತೆಗೆ ಗೊತ್ತಾಗ್ಬಾರ್ದು ಕಣ್ಲಾ.” ಬೇಕೇ ಬೇಕು ಎಂದು ಕಣ್ಣಲ್ಲಿ ತೋರಿಸಿದವನು ಅರ್ಧ ಸೋತ ಹಾಗೆ.

ಜುಲೈ ತಿಂಗಳಲ್ಲಿ ನಿನ್ನ ಅಮ್ಮನಿಗೆ ಡಯಾಲಿಸಿಸ್ ವಾರಕ್ಕೆ ಎರಡಿದ್ದದ್ದು ಮೂರಾಯಿತು. ಮಂಗಳವಾರ, ಗುರುವಾರ, ಶನಿವಾರ. ಹೋಗುವಾಗ ನಡೆದುಕೊಂಡೇ ಆಟೋ ಹತ್ತುವಳು, ಬರುವಾಗ ಒಣಗಿದ ಬಟ್ಟೆಯ ಹಾಗೆ ಮಡಿಚಿಕೊಂಡು ನನ್ನ ಹೆಗಲಿಗೆ ಒರಗುವಳು. ಹಳ್ಳ ಸಿಕ್ಕಿದಲ್ಲೆಲ್ಲ ವಾಂತಿ. ಆಗ ಗುರುವೇ ಕಾರಿನ ಮಾತು ತೆಗೆದ. ಅವನ ಸಾಲ ಅಷ್ಟು, ನನ್ನ ಪಿಎಫ್ ದುಡ್ಡು ಇಷ್ಟು ಎಂದು ಕೂಡಿಸಿದೆವು. ಬಣ್ಣ ಯಾವುದಿರಲಿ ಎಂದು ಕೇಳಿದ್ದಕ್ಕೆ ನಿನ್ನಮ್ಮ ಸರೋಜ ಹೇಳಿದ್ದು ಇಷ್ಟೇ: “ಬಣ್ಣ ಕಟ್ಕೊಂಡು ಏನಾಗ್ಬೇಕು, ಹಿಂದೆ ಕಾಲು ನೀಡ್ಕೊಳಕ್ಕೆ ಜಾಗ ಇದ್ರೆ ಸಾಕು ಕಣ್ರೀ.”

ಜುಲೈ ಹದಿನೈದು, ಸೋಮವಾರ, ಹುಣಸೂರು ರಸ್ತೆಯ ಒಂದು ಶೋರೂಮಿಗೆ ಹೋದೆವು. ಆಷಾಢ ನಡೆಯುತ್ತಿತ್ತು. ಆಷಾಢದಲ್ಲಿ ನಮ್ಮ ಜನ ಗಾಡಿ ಕೊಳ್ಳುವುದಿಲ್ಲ, ಶೋರೂಮಿನವರು ನೊಣ ಹೊಡೆಯುತ್ತಿರುತ್ತಾರೆ, ಬೆಲೆ ಬಗ್ಗುತ್ತದೆ ಎನ್ನುವುದು ನಮ್ಮ ಧೈರ್ಯ. ಶಿಲ್ಪಶ್ರೀ ಎಂಬ ಹುಡುಗಿ, ನಿನಗಿಂತ ಚಿಕ್ಕವಳು, ಕಾಫಿ ಕೊಟ್ಟು ಕೂರಿಸಿದಳು. ಹಿಂದಿನ ಅಂಗಳದಲ್ಲಿ ಒಂದು ಬಿಳಿ ಗಾಡಿ ನಿಂತಿತ್ತು. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ನಾಳೆಯೇ ಬೇಕೆಂದರೂ ಕೊಡುತ್ತೇನೆ ಎಂದಳು. ತಾತ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ ಹಾಗೆ ನಾನು ಬಾನೆಟ್ ತೆಗೆಸಿ, ಯಾವ ತಿಂಗಳು ತಯಾರಾದದ್ದು ಎಂದು ನಂಬರು ಓದಿಸಿದೆ. ಏಪ್ರಿಲ್ ಗಾಡಿ. ಮೂರು ತಿಂಗಳು ಬಿಸಿಲು ಮಳೆಯಲ್ಲಿ ನಿಂತಿದೆ, ಟೈರು ಒಂದೇ ಕಡೆ ಕೂತಿದೆ, ಇಲ್ಲೊಂದು ಗೀರು, ಅಲ್ಲೊಂದು ಕಲೆ. ಹುಡುಗಿಗೆ ನಗು ಬಂತು. “ಸಾರ್, ನೀವು ಹೆಣ್ಣು ನೋಡೋಕೆ ಹೋದ್ರೂ ಹಿಂಗೇನಾ?” ಎಂದಳು. ನನಗೂ ಖುಷಿಯೇ ಆಯಿತು ಕಣಮ್ಮ, ಸುಳ್ಳು ಹೇಳುವುದಿಲ್ಲ. ನಿವೃತ್ತನಾದ ಮೇಲೆ ಯಾವುದರಲ್ಲೂ ಕೈ ನಡೆಯದೆ ಕೂತಿದ್ದವನಿಗೆ ಅವತ್ತು ಮೈಯಲ್ಲಿ ಅಪ್ಪ ಬಂದ ಹಾಗಾಗಿತ್ತು.

ಎಲ್ಲ ಸೇರಿ ಏಳು ಲಕ್ಷ ಮೂವತ್ತಾರು ಸಾವಿರ ಎಂದಿದ್ದವಳು ಇಪ್ಪತ್ತು ಸಾವಿರ ಬಿಟ್ಟಳು. ಆಮೇಲೆ ಅವಳ ಮ್ಯಾನೇಜರು ಬಂದು ಹನ್ನೆರಡು ಬಿಟ್ಟ. ಯಾರಿಗೆ ಗಾಡಿ, ಆತುರ ಇದೆಯಾ ಎಂದು ಅವನು ವಿಚಾರಿಸಿದ. ಆತುರ ಏನೂ ಇಲ್ಲ, ದೇವಸ್ಥಾನ ಅಲ್ಲಿ ಇಲ್ಲಿ ಸುತ್ತೋದಕ್ಕೆ, ಆಷಾಢ ಕಳೆದ ಮೇಲೆ ತೆಗೆದುಕೊಂಡರೂ ಆಯಿತು ಎಂದು ಹೇಳಿದ್ದಾಯಿತು. ಇನ್ನೂ ಹದಿನೈದು ಸಾವಿರ ಇಳಿಸಿ ಎಂದೆವು. ಆಗುವುದಿಲ್ಲ ಎಂದ. ನಿನ್ನಣ್ಣ ಎದ್ದ. ಅವನ ಹಿಂದೆ ನಾನೂ ಎದ್ದೆ.

ಮೂರು ಸಲ ಕರೆದ ಮೇಲೆ ಹೋಗಬೇಕು, ಅದು ಸಂತೆಯ ಲೆಕ್ಕ. ಮೂರನೆಯ ದಿನ ಹುಡುಗಿ ಫೋನು ಮಾಡಿದಳು, ಐದು ಸಾವಿರ ಇಳಿಸಿದಳು. ನೋಡೋಣ ಎಂದೆವು. ಮುಂದಿನ ಸೋಮವಾರ ಮತ್ತೆ ಮಾಡಿದಳು. ನೋಡೋಣ. ಈ ನಡುವೆ ಸರೋಜ ಪ್ರತಿ ಸಲ ಆಟೋ ಇಳಿದು ಗೇಟಿನ ಹತ್ತಿರ ಒಂದು ಸುತ್ತು ಕಣ್ಣಾಡಿಸಿ ಒಳಗೆ ಬರುತ್ತಿದ್ದಳು. ಬಂತಾ ಎಂದು ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಇಪ್ಪತ್ತಾರನೇ ತಾರೀಕು, ಆಷಾಢದ ಶುಕ್ರವಾರ, ಮೂರನೇ ಫೋನು ಬಂತು. ತಿಂಗಳ ಕೊನೆ, ಅವರಿಗೆ ಲೆಕ್ಕ ತುಂಬಿಸಬೇಕಿತ್ತು. ಹದಿನೈದು ಸಾವಿರಕ್ಕೆ ಒಪ್ಪಿದರು. ಮೇಲೆ ಕಾಲ್ಚಾಪೆ, ಹೊದಿಕೆ, ಹಾರ ಹಾಕಿ ಮನೆ ಬಾಗಿಲಿಗೇ ತಂದು ನಿಲ್ಲಿಸಿಕೊಡುವುದು, ಎಲ್ಲ ಬಿಟ್ಟಿ. ಗೆದ್ದೆವು. ಆದರೆ ಬಿಳಿ ಗಾಡಿ ಹಿಂದಿನ ದಿನವೇ ಹೋಗಿತ್ತು. ಯಾರೋ ಬಿಳಿಕೆರೆಯವರು, ಮಗಳು ತುಂಬು ಬಸುರಿ, ಅರ್ಜೆಂಟು ಎಂದು ಬಾಯಿ ಬಿಟ್ಟು ಕೇಳಿ ತೆಗೆದುಕೊಂಡು ಹೋದರಂತೆ. ನಮ್ಮದು ಡಿಪೋದಿಂದ ಬರಬೇಕು, ಒಂದು ವಾರ ಹತ್ತು ದಿನ.

ಮೂವತ್ತನೇ ತಾರೀಕು, ಮಂಗಳವಾರ. ಇದನ್ನು ನಿನಗೆ ಹೇಳಿರಲಿಲ್ಲ. ಡಯಾಲಿಸಿಸ್ ಮುಗಿದಾಗ ಬಿಪಿ ಇಳಿದಿತ್ತು, ನರ್ಸಮ್ಮ ಅರ್ಧ ಗಂಟೆ ಮಲಗಿಸಿ ಕಳಿಸಿದರು. ಹೊರಗೆ ಮಳೆ. ಮೊಬೈಲಿನಲ್ಲಿ ಹಾಕಿದ ಆಟೋಗಳೆಲ್ಲ ಒಂದೊಂದೇ ರದ್ದಾದವು. ನಲವತ್ತು ನಿಮಿಷ ಆಸ್ಪತ್ರೆಯ ಪೋರ್ಟಿಕೋದಲ್ಲಿ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದೆವು. ಕೊನೆಗೆ ಒಬ್ಬ ಪುಣ್ಯಾತ್ಮ ನಿಲ್ಲಿಸಿದ. ಚಾಮರಾಜಪುರಂ ದಾಟುವಾಗ ಎರಡು ಸಲ ವಾಂತಿ ಮಾಡಿದಳು. ಪಕ್ಕದ ಪರದೆಯಿಂದ ಎರಚಲು ಹೊಡೆಯುತ್ತಿತ್ತು, ನನ್ನ ಟವಲನ್ನು ಅವಳ ತಲೆಗೆ ಸುತ್ತಿದೆ. ಯಾದವಗಿರಿಯ ಏರು ಹತ್ತುವಾಗ, “ಕಾಲು ನೀಡ್ಬೇಕು ಕಣ್ರೀ” ಎಂದಳು. ಆಟೋದಲ್ಲಿ ಎಲ್ಲಿ ನೀಡುತ್ತಾಳೆ. ನಾನು ಇನ್ನೈದು ನಿಮಿಷ, ಇನ್ನೈದು ನಿಮಿಷ ಎನ್ನುತ್ತ ಅವಳ ಮಂಡಿ ಒತ್ತುತ್ತಿದ್ದೆ. ಒಂಟಿಕೊಪ್ಪಲಿನ ಹತ್ತಿರ ಬಂದಾಗ ನನ್ನ ಹೆಗಲ ಮೇಲಿದ್ದ ತಲೆ ಭಾರವಾಯಿತು. ಆಟೋದವನು ಕನ್ನಡಿಯಲ್ಲಿ ನೋಡಿ ತಾನೇ ಗಾಡಿ ತಿರುಗಿಸಿದ. ಆಸ್ಪತ್ರೆಯಲ್ಲಿ ಇಳಿಸಿದ ಮೇಲೆ ಬಾಡಿಗೆ ಮುಟ್ಟಲಿಲ್ಲ. ಕಾರಿದ್ದಿದ್ದರೆ ಎಂದು ಡಾಕ್ಟರನ್ನು ಕೇಳಿದೆ. ಕಾರಿದ್ದರೂ ಹೀಗೇ ಆಗಬಹುದಿತ್ತು, ಆಗದೆಯೂ ಇರಬಹುದಿತ್ತು ಎಂದರು. ಆ ಎರಡು ಮಾತಿನ ನಡುವೆಯೇ ನಾನು ದಿನಾ ಮಲಗುತ್ತೇನೆ, ಏಳುತ್ತೇನೆ.

ಹನ್ನೊಂದನೇ ದಿನ ನೀನು ಕಣ್ಣಾರೆ ಕಂಡದ್ದೇ. ತಿಥಿಯ ಶಾಮಿಯಾನದ ಮುಂದೆ ಆ ಗಾಡಿ ಬಂದು ನಿಂತಿತು. ಚೆಂಡುಹೂವಿನ ಹಾರ, ಮೂತಿಯ ಮೇಲೆ ಕೆಂಪು ರಿಬ್ಬನ್ನು, ಶಿಲ್ಪಶ್ರೀಯ ಕೈಯಲ್ಲಿ ಸ್ವೀಟ್ ಬಾಕ್ಸು. ಮನೆ ಬಾಗಿಲಿಗೇ ತರಬೇಕೆಂದು ಹಠ ಹಿಡಿದು ಗೆದ್ದಿದ್ದೆವಲ್ಲ, ಬೇಡ ಎಂದು ಹೇಳುವುದನ್ನು ಎಲ್ಲರೂ ಮರೆತಿದ್ದೆವು. ಶಾಮಿಯಾನ ಕಂಡು ಏನೋ ಶುಭಕಾರ್ಯ ಎಂದುಕೊಂಡು ನಗುತ್ತ ಇಳಿದ ಹುಡುಗಿ, ಫೋಟೋ ನೋಡಿದಳು, ನನ್ನ ಬೋಳು ತಲೆ ನೋಡಿದಳು, ಹಾರವನ್ನೂ ರಿಬ್ಬನ್ನನ್ನೂ ತಾನೇ ಕಿತ್ತು ಡಿಕ್ಕಿಗೆ ತುಂಬಿದಳು. ಏನಾಗಿತ್ತು ಎಂದು ಕೇಳಿದಾಗ ಚಾಮುಂಡಮ್ಮ ಹೇಳಿದರು. ಆಗ ಅವಳು ನನ್ನನ್ನೂ ಗುರುವನ್ನೂ ನೋಡುತ್ತ ಹೇಳಿದ ಮಾತು ನಿನ್ನ ಕಿವಿಗೂ ಬಿತ್ತು. “ಡಯಾಲಿಸಿಸ್‌ಗೆ ಅಂತ ಒಂದ್ ಮಾತು ಹೇಳಿದ್ರೆ ಅವತ್ತೇ ಸಂಜೆ ಆ ಬಿಳಿ ಗಾಡೀನ ಕಳಿಸ್ತಿದ್ದೆ ಸಾರ್. ದುಡ್ಡು ಆಮೇಲೆ ಮಾತಾಡ್ಬೋದಿತ್ತು. ನಾವೂ ಮನುಷ್ಯರೇ ಅಲ್ವಾ.”

ಹದಿನೈದು ಸಾವಿರಕ್ಕೆಂದು ಅವತ್ತು ಗುರು ಎದ್ದು ನಡೆದದ್ದೂ ಅವಳ ಮಾತಿನಲ್ಲೇ ಬಂತು. ಅವಳು ಹೋದ ಮೇಲೆ ನೀನು ಗುರುವಿನ ಎದುರು ನಿಂತು ಹೇಳಿದೆ: “ಹದಿನೈದು ಸಾವ್ರಕ್ಕೆ ಅಮ್ಮನ್ನ ಆಟೋಲಿ ಸಾಯಿಸ್ಬುಟ್ಟೆ ಕಣೋ ನೀನು.” ಎಡೆ ಇಡುವುದಕ್ಕೆ ಕೂತವರೆಲ್ಲ ತಲೆ ತಗ್ಗಿಸಿದರು. ಅವನು ನನ್ನ ಕಡೆ ಒಂದು ಸಲ ನೋಡಿದ. ಮತ್ತೆ ನೆಲ ನೋಡಿದ. ಅವತ್ತು ಸಂಜೆಯೇ ನೀನು ಬಸ್ಸು ಹತ್ತಿದೆ. ಅದಾಗಿ ಮೂರು ತಿಂಗಳು.

ತಾತನಿಗೆ ಎರಡನೆಯ ಪಾಠವೂ ಒಂದಿತ್ತು ಮಗಳೇ. ನನಗೆ ಅದು ನೆನಪಾದದ್ದು ಎಲ್ಲ ಮುಗಿದ ಮೇಲೆ. ಒಂದು ಸಲ ಸಂತೆಯಲ್ಲಿ ಬಾಣಂತಿ ಸತ್ತ ಮನೆಯವನೊಬ್ಬ ಹಸು ಕೊಳ್ಳಲು ಬಂದ. ಅವನೂ ಬುದ್ಧಿವಂತನೇ, ಏನೂ ಆತುರವಿಲ್ಲದವನ ಹಾಗೆ ನಿಂತಿದ್ದ. ಅವನ ಹೆಗಲ ಮೇಲೆ ಕೂಸಿನ ಜೊಲ್ಲಿನ ಕಲೆ ಕಂಡು ತಾತ ಟವಲನ್ನು ತೆಗೆದು ಹೆಗಲಿಗೆ ಹಾಕಿಕೊಂಡುಬಿಟ್ಟರು. “ಕೂಸಿನ್ ಹಾಲ್ಗೆ, ಕಾಯಿಲೆಯವ್ರಿಗೆ ಅಂದ್ರೆ ಟವಲ್ ಹಾಕ್ಬಾರ್ದು ಕಣಪ್ಪ, ಬಾಯ್ಬುಟ್ಟು ಹೇಳ್ಬುಡ್ಬೇಕು,” ಎಂದು ಮಾರುವವನನ್ನೂ ಒಪ್ಪಿಸಿ, ಇದ್ದಷ್ಟಕ್ಕೆ ಹಸು ಹೊಡೆಸಿ ಕಳಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲನೆಯ ಪಾಠ ಲಾಭದ್ದು, ಅದು ತಲೆಯಲ್ಲಿ ಉಳಿಯಿತು.

ಕಾಗದ ತುಂಬಿತು. ನಿನ್ನ ಶಾಲೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಗಂಟಲಿಗೆ ಬಿಸಿನೀರಲ್ಲಿ ಉಪ್ಪು ಹಾಕಿ ಮುಕ್ಕಳಿಸು, ನಿನ್ನ ಅಮ್ಮ ಹೇಳುತ್ತಿದ್ದದ್ದೇ. ಅವಳ ಹೆಸರಿನಲ್ಲಿ ನಿನ್ನ ತಲೆ ಮುಟ್ಟಿ ಹರಸುತ್ತೇನೆ.

ನಿನ್ನ ಅಪ್ಪ,
ಮಹದೇವು

ಮರೆತದ್ದು: ಮರೆತದ್ದಲ್ಲ, ಇಷ್ಟೂ ಬರೆದದ್ದು ಇದನ್ನು ಬರೆಯುವುದಕ್ಕೆ. ಮೇಲೆ ನಿನ್ನಣ್ಣ ಎದ್ದ ಎಂದಿದ್ದೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಮ್ಯಾನೇಜರು ಹನ್ನೆರಡು ಸಾವಿರ ಬಿಟ್ಟ ಕೂಡಲೇ ಗುರು ಸಾಕು ಎಂದು ಜೇಬಿನಿಂದ ಪೆನ್ನು ತೆಗೆದು, ಅರ್ಜಿಯಲ್ಲಿ ಅವನ ಹೆಸರಿನ ಮೊದಲಕ್ಷರ ಬರೆದಿದ್ದ. ಅಮ್ಮನಿಗೆ ಎಂದು ಹೇಳುವುದಕ್ಕೂ ಬಾಯಿ ತೆರೆದಿದ್ದ. ದೇವಸ್ಥಾನ ಸುತ್ತೋದಕ್ಕೆ, ಆತುರ ಇಲ್ಲ ಎಂದು ಅವನ ಮಾತಿಗೆ ಅಡ್ಡ ಹೇಳಿದವನು ನಾನು. ಟವಲನ್ನು ಮೇಜಿನಡಿ ಅವನ ತೊಡೆಯ ಮೇಲೆ ಹಾಕಿ ಕಿರುಬೆರಳು ಹಿಡಿದು ತಿರುಗಿಸಿದೆ. ಮೂವತ್ತನಾಲ್ಕು ವರ್ಷದ ಗಂಡಸು, ಒಂಬತ್ತು ವರ್ಷದ ಹುಡುಗನ ಹಾಗೆ ಎದ್ದು ನಡೆದ. ಅವನ ತಪ್ಪು ಅಷ್ಟೇ. ಅವನ ನಂಬರು ಹಳೆಯದೇ ಇದೆ.